ಕುಂಕುಮ ಹಚ್ಚಿದ ಕರುಗಳು

ಗಂಬೂಟು ಹಾಕಿಕೊಂಡು, ತಲೆಗೆ ಉಣ್ಣೆಯ ಟೋಪಿ ಏರಿಸಿಕೊಂಡು ನಿಂತ ನನ್ನ ಫೋಟೊ ನೋಡಿ ಕಮತಗಿಯ ಮನೆಯಲ್ಲಿ ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ. ನಿಮ್ಮ ಅಪ್ಪ ಫೋನಿನಲ್ಲಿ ಹೇಳಿದ. ನಗಲಿ ಬಿಡು ಅಂದೆ. ಮೊದಲ ದಿನ ಕನ್ನಡಿಯಲ್ಲಿ ನೋಡಿಕೊಂಡು ನಾನೂ ನಕ್ಕಿದ್ದೆ. ಆದರೆ ಆ ಫೋಟೊದಲ್ಲಿ ನನ್ನ ಬೆರಳು ಚೀಪುತ್ತಿರುವ ಬಿಳಿ ಕಾಲಿನ ಕರು ಇದೆಯಲ್ಲ, ಅದು ನನ್ನದೇ ತಪ್ಪಿನಿಂದ ಲಾರಿ ಹತ್ತಿ ಹೋಗಿಬಿಡುವುದರಲ್ಲಿತ್ತು. ಅದನ್ನು ಫೋನಿನಲ್ಲಿ ಹೇಳಲು ನನಗೆ ನಾಚಿಕೆ. ಬರೆದರೆ ಹೇಳಬಹುದು ಅನ್ನಿಸಿ ನೋಟುಬುಕ್ಕು ಹಿಡಿದಿದ್ದೇನೆ.

ನಿಮ್ಮ ಅತ್ತೆ, ಅಂದರೆ ನನ್ನ ಮಗಳು, ಮತ್ತು ಅವಳ ಗಂಡ ನ್ಯೂಜಿಲೆಂಡಿನ ಒಂದು ಹಳ್ಳಿಯಲ್ಲಿ ಹಾಲಿನ ಆಕಳುಗಳ ಫಾರ್ಮಿನಲ್ಲಿ ಕೆಲಸಕ್ಕಿರುವುದು ನಿಮಗೆ ಗೊತ್ತು. ಇಲ್ಲಿ ಆಕಳುಗಳು ವರ್ಷವಿಡೀ ಬಿಡಿಬಿಡಿಯಾಗಿ ಈಯುವುದಿಲ್ಲ. ಚಳಿಗಾಲ ಮುಗಿಯುತ್ತ ಬಂದಾಗ, ಅಂದರೆ ನಮ್ಮ ಶ್ರಾವಣದ ಹೊತ್ತಿಗೆ, ಎಲ್ಲವೂ ಒಮ್ಮೆಲೇ ಈಯುತ್ತವೆ. ದಿನಕ್ಕೆ ಹತ್ತು ಹನ್ನೆರಡು ಕರು. ಅವಕ್ಕೆ ಹಾಲು ಕುಡಿಯಲು ಕಲಿಸುವ ಕೆಲಸ ಮಾಡುತ್ತಿದ್ದ ಹೆಂಗಸು ಈ ವರ್ಷ ಬಿಟ್ಟುಹೋಗಿದ್ದಳು. ನಿಮ್ಮ ಅತ್ತೆ ಫಾರ್ಮಿನ ಯಜಮಾನತಿಯ ಮುಂದೆ, ನಮ್ಮ ಅವ್ವ ಹುಟ್ಟಿದಾಗಿನಿಂದ ಕರು ಸಾಕುತ್ತ ಬಂದಿದ್ದಾಳೆ ಎಂದು ಹೇಳಿದಳು. ಒಂದು ಹಂಗಾಮಿನ ಮಟ್ಟಿಗೆ ಕೆಲಸದ ಕಾಗದಗಳು ಬಂದವು. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತ ನನ್ನ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲೂ ಒಬ್ಬಳೇ ನಿಂತು ಅಭ್ಯಾಸವಿಲ್ಲದ ನಾನು ವಿಮಾನ ಹತ್ತಿದೆ.

ಯಜಮಾನತಿ ಎತ್ತರದ ಆಳು. ನನಗಿಂತ ವಯಸ್ಸಿನಲ್ಲಿ ದೊಡ್ಡವಳು. ಅವಳೂ ಗಂಡನನ್ನು ಕಳೆದುಕೊಂಡವಳೇ. ನನ್ನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿ ಏನೋ ಅಂದಳು.

"ಹದಿನೈದು ದಿನಾ ನೋಡೂನು ಅಂತಾಳ ಅವ್ವಾ. ಹೊಂದಿದ್ರ ಹಂಗಾಮ ಮುಗಿಯೂ ತನಕಾ ನಿಂದ ಕೆಲಸ. ಇಲ್ಲಂದ್ರ ಬ್ಯಾರೇದಾಕಿನ್ನ ಕರಸ್ತಾಳಂತ" ಎಂದಳು ನಿಮ್ಮ ಅತ್ತೆ.

ನಾನು ತಲೆ ಆಡಿಸಿದೆ. ಈ ವಯಸ್ಸಿನವರೆಗೆ ಯಾರೂ ನನಗೆ 'ನಿನ್ನ ಕೆಲಸ' ಎಂದಿರಲಿಲ್ಲ. ಹೊಲದ ಕೆಲಸ ನಿಮ್ಮ ಅಜ್ಜನದು, ಆಮೇಲೆ ನಿಮ್ಮ ಅಪ್ಪನದು. ನಾನು ಮಾಡಿದ್ದೆಲ್ಲ ಕೈಜೋಡಿಸಿದ್ದು ಅಷ್ಟೇ. ಈ ಕೆಲಸ ನನಗೆ ಬೇಕಾಗಿತ್ತು, ಮಕ್ಕಳೇ. ಜಾತ್ರೆಯಲ್ಲಿ ಹುಡುಗಿಗೆ ಬಳೆ ಬೇಕಾದ ಹಾಗೆ ಬೇಕಾಗಿತ್ತು.

ಮೊದಲ ಬೆಳಿಗ್ಗೆ ಇಳಕಲ್ ಸೀರೆಯ ಕಚ್ಚೆ ಕಟ್ಟಿ, ತಲೆ ಮೇಲೆ ಸೆರಗು ಹೊದ್ದುಕೊಂಡು ಹೊರಟೆ.

"ಅವ್ವಾ, ಸೀರಿ ಉಟಗೊಂಡು ಇಲ್ಲಿ ನಡಿಯೂದಿಲ್ಲ. ಜಾರಿ ಬಿದ್ದಿ ಅಂದ್ರ ಅಣ್ಣ ನನ್ನ ಮ್ಯಾಲೆ ಹಾರಿ ಬರ್ತಾನ" ಎಂದು ಮಗಳು ತಡೆದಳು.

"ಅಳಿಯಂದ್ರು ಇರ್ತಾರಲೇ. ಚೊಣ್ಣಾ ಹಾಕ್ಕೊಂಡು ಅವರ ಮುಂದ ಹೆಂಗ ಅಡ್ಯಾಡ್ಲಿ?"

ಅಳಿಯ ಬಾಗಿಲ ಹೊರಗೇ ಬೂಟು ಏರಿಸುತ್ತಿದ್ದ. ನಮ್ಮಲ್ಲಿ ಅತ್ತೆ ಅಳಿಯ ಎದುರುಬದುರು ನಿಂತು ಮಾತಾಡುವ ರೂಢಿ ಇಲ್ಲ. ಅವನು ಗೋಡೆಗೆ ಹೇಳುವವನಂತೆ ಹೇಳಿದ: "ಅತ್ತಿಯಾರಿಗೆ ಹೇಳು, ಇಲ್ಲೆ ಆಕಳಾ ಅಷ್ಟ ನೋಡ್ತಾವು. ಅವು ಸುದ್ದಿ ಹೊರಗ ಹಾಕಂಗಿಲ್ಲ."

"ಅವರಿಗೆ ಹೇಳು, ಆಕಳಕ್ಕಿಂತ ಮದಲ ಅವರ ಮಾರಿ ಅತ್ತಾಗ ಮಾಡ್ಲಿ" ಎಂದು ನಾನೂ ಗೋಡೆಗೇ ಹೇಳಿದೆ. ಸೀರೆ ಬಿಚ್ಚಿ ಪ್ಯಾಂಟು, ಗಂಬೂಟು ಏರಿಸಿಕೊಂಡದ್ದು ಹಾಗೆ. ಎರಡು ದಿನದಲ್ಲಿ ಆ ದಿರಿಸು ಎಷ್ಟು ಹಗುರ ಅನ್ನಿಸಿತೆಂದರೆ, ಬೇಲಿ ದಾಟುವಾಗ ಸೆರಗು ಸಿಕ್ಕಿತೇನೋ ಎಂದು ತಿರುಗಿ ನೋಡುವುದನ್ನೇ ಮರೆತೆ.

ಇಲ್ಲಿ ನೋಡಿದ್ದೆಲ್ಲ ಹೊಸದು. ಹಾಲು ಕರೆಯುವ ಕಟ್ಟೆ ಗಾಣದ ಹಾಗೆ ತಿರುಗುತ್ತದೆ. ಆಕಳುಗಳು ತಾವೇ ಹತ್ತಿ, ಒಂದು ಸುತ್ತು ಬಂದು, ತಾವೇ ಇಳಿದು ಹೋಗುತ್ತವೆ. ಸಗಣಿಯನ್ನು ಪೈಪು ಹಿಡಿದು ನೀರಿನಲ್ಲಿ ತೊಳೆದು ಕಳಿಸುತ್ತಾರೆ. ಅಷ್ಟೂ ಸಗಣಿಗೆ ಎಷ್ಟು ಕುಳ್ಳು ಆಗುತ್ತಿದ್ದವು ಎಂದು ನಾನು ಪೇಚಾಡಿದ್ದಕ್ಕೆ ಮಗಳು, "ಬಡಿಯವ್ವಾ, ಬಡದು ಯಜಮಾನತಿ ಮನಿ ಗ್ವಾಡಿಗೆ ಹಚ್ಚು" ಎಂದು ಕಾಡಿಸಿದಳು.

ನನ್ನ ಕೆಲಸ ಕರುಗಳ ಶೆಡ್ಡಿನಲ್ಲಿ. ಉದ್ದನೆಯ ಶೆಡ್ಡು, ನೆಲಕ್ಕೆ ಕಟ್ಟಿಗೆಯ ಹೊಟ್ಟು, ನಡುವೆ ತೆಗೆದಿಡಬಹುದಾದ ಅಡ್ಡಗಟ್ಟೆ ಹಾಕಿ ಮಾಡಿದ ಅಂಕಣಗಳು. ಹೆಣ್ಣುಗರು ಒಂದರಲ್ಲಿ, ಹೋರಿಗರು ಇನ್ನೊಂದರಲ್ಲಿ. ರಬ್ಬರಿನ ಮೊಲೆಗಳಿರುವ ತೊಟ್ಟಿಯಲ್ಲಿ ಹಾಲು ತುಂಬಿದರೆ ಕರುಗಳು ಸಾಲಾಗಿ ನಿಂತು ಚೀಪಬೇಕು. ಹುಟ್ಟಿದ ಕರುವಿಗೆ ರಬ್ಬರೆಂದರೆ ಏನು ಗೊತ್ತು? ನಾನು ಬೆರಳನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಕೊಡುತ್ತಿದ್ದೆ. ಅದು ಚೀಪತೊಡಗಿದ ಮೇಲೆ ಮೆಲ್ಲಗೆ ಬೆರಳನ್ನು ರಬ್ಬರಿನ ಹತ್ತಿರ ಒಯ್ದು, ಬೆರಳು ತೆಗೆದು ಅದನ್ನು ಇಡುತ್ತಿದ್ದೆ. ತಾಯಿ ಸತ್ತ ಎಮ್ಮೆಗರುವಿಗೆ ನಮ್ಮ ಮನೆಯಲ್ಲಿ ಹೀಗೇ ಕಲಿಸಿದ್ದೆ. ಯಜಮಾನತಿ ದೂರ ನಿಂತು ನೋಡಿದಳು. ಆಮೇಲೆ ಕುಡಿಯಲೊಲ್ಲದ ಬಿಳಿ ಕಾಲಿನ ಹೆಣ್ಣುಗರುವನ್ನು ತಾನೇ ಎತ್ತಿ ತಂದು ನನ್ನ ಮುಂದೆ ಬಿಟ್ಟಳು. ಮೂರನೆಯ ದಿನ ಅದು ರಬ್ಬರು ಹಿಡಿಯಿತು. ನಾನು ಆ ಶೆಡ್ಡಿನಲ್ಲಿ ಯಾರೂ ಇಲ್ಲದ್ದು ನೋಡಿ ಚಪ್ಪಾಳೆ ತಟ್ಟಿದೆ.

ಒಂದು ಕೆಟ್ಟ ರೂಢಿ ಮಾತ್ರ ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಯಾರೇನು ಹೇಳಿದರೂ ಹೂಂ ಅನ್ನುವುದು. ಅತ್ತೆಮನೆಯಲ್ಲಿ ಸೆರಗಿನೊಳಗಿಂದ ಹೂಂ ಅಂದರೆ ಮಾತು ಮುಗಿಯುತ್ತಿತ್ತು, ತಿಳಿಯಿತೋ ಇಲ್ಲವೋ ಯಾರು ಕೇಳುತ್ತಿದ್ದರು? ಮೊದಲ ದಿನ ಯಜಮಾನತಿ ಶೆಡ್ಡೆಲ್ಲ ಸುತ್ತಾಡಿಸಿ, ಹಾಲಿನ ಅಳತೆ, ಕಿವಿಯ ಬಿಲ್ಲೆ, ಕಪಾಟಿನ ಬಣ್ಣದ ಡಬ್ಬಿಗಳು, ಎಲ್ಲದರ ಬಗ್ಗೆ ಹೇಳುತ್ತ ಹೋದಳು. ಮಗಳು ಅವಸರದಲ್ಲಿ ಕನ್ನಡ ಮಾಡುತ್ತ ಹೋದಳು. ನನ್ನ ಕಣ್ಣು, ಕಿವಿ ಎಲ್ಲ ಕರುಗಳ ಮೇಲೆ. ಪ್ರತಿ ಮಾತಿಗೂ ಹೂಂ ಅಂದೆ.

ಹದಿಮೂರನೆಯ ದಿನ ಶ್ರಾವಣದ ಮೊದಲ ಸೋಮವಾರ. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಶೆಡ್ಡಿಗೆ ಹೋದೆ. ಹೋರಿಗರುಗಳ ಅಂಕಣದಲ್ಲಿ ನೋಡುತ್ತೇನೆ, ಎಲ್ಲವುಗಳ ಹಣೆಯ ಮೇಲೆ ಕೆಂಪು.

ನನಗೆ ಆದ ಸಂತೋಷ ಹೇಳತೀರದು. ಶ್ರಾವಣ ಸೋಮವಾರ ಬಸವಣ್ಣನ ಹಣೆಗೆ ಕುಂಕುಮ ಹಚ್ಚುವ ಪದ್ಧತಿ ಈ ದೇಶದಲ್ಲೂ ಇದೆಯಲ್ಲ ಅಂದುಕೊಂಡೆ. ಯಜಮಾನತಿ ಹೋರಿಗಳಿಗಷ್ಟೇ ಹಚ್ಚಿ, ಕೆಲಸದ ಗಡಿಬಿಡಿಯಲ್ಲಿ ಹೆಣ್ಣುಗರುಗಳನ್ನು ಬಿಟ್ಟಿದ್ದಾಳೆ ಪಾಪ, ಅವುಗಳದ್ದನ್ನು ನಾನೇ ಮುಗಿಸೋಣ ಎಂದು ಮನೆಗೆ ಓಡಿದೆ. ಮಗಳಿಗೆಂದು ಮಹಾಕೂಟದಿಂದ ತಂದ ಕುಂಕುಮದ ಪೊಟ್ಟಣ ದೇವರ ಮುಂದಿತ್ತು. ನಿಮ್ಮ ಅಜ್ಜ ಹೋದ ಮೇಲೆ ನಾನು ಕುಂಕುಮ ಮುಟ್ಟಿರಲಿಲ್ಲ. ಊರಲ್ಲಿ ಯಾರೂ ನನ್ನ ಕೈಗೆ ಕೊಟ್ಟೂ ಇರಲಿಲ್ಲ. ಪೊಟ್ಟಣ ಬಿಚ್ಚುವಾಗ ಒಂದು ಗಳಿಗೆ ಕೈ ನಿಂತಿತು. ಇಲ್ಲಿ ನೋಡುವವರು ಆಕಳುಗಳಷ್ಟೇ ಎಂಬ ಅಳಿಯನ ಮಾತು ನೆನಪಾಯಿತು.

ಎಲ್ಲವೂ ಒಟ್ಟಿಗಿರಲಿ ಎಂದು ನಡುವಿನ ಅಡ್ಡಗಟ್ಟೆ ತೆಗೆದೆ. ಕುಂಕುಮಕ್ಕೆ ಹಾಲು ಬೆರೆಸಿ ಒಂದೊಂದೇ ಹೆಣ್ಣುಗರುವಿನ ಹಣೆಗೆ ಹಚ್ಚಿದೆ. ಬಿಳಿ ಕಾಲಿನದಕ್ಕೆ ತುಸು ದೊಡ್ಡದಾಗಿಯೇ ಹಚ್ಚಿದೆ. ಆಮೇಲೆ ಬಕೆಟ್ಟು ತೊಳೆಯಲು ಹಿಂದಿನ ನಳದ ಹತ್ತಿರ ಹೋದೆ.

ತಿರುಗಿ ಬಂದಾಗ ಬಾಗಿಲಿಗೆ ಲಾರಿಯೊಂದು ಹಿಂಬದಿ ಹಚ್ಚಿ ನಿಂತಿತ್ತು. ನಾನು ಬಂದ ಮೇಲೆ ಲಾರಿ ಬಂದದ್ದು ಅದೇ ಮೊದಲು. ಎಂದೂ ನೋಡದ ಗಂಡಸೊಬ್ಬ ಕರುಗಳನ್ನು ಹತ್ತಿಸುತ್ತಿದ್ದ. ಹಣೆ ನೋಡುತ್ತಿದ್ದ, ಕೆಂಪು ಕಂಡರೆ ದೂಡುತ್ತಿದ್ದ. ಬಿಳಿ ಕಾಲಿನದು ಆಗಲೇ ಲಾರಿಗೆ ಹತ್ತುವ ಹಲಗೆಯ ಮೇಲಿತ್ತು. ಆಗ ನನಗೆ ಮೊದಲ ದಿನದ ಮಾತು ಕಿವಿಯಲ್ಲಿ ಕೂಗಿದಂತೆ ಕೇಳಿಸಿತು. 'ಕೆಂಪ ಹಚ್ಚಿದ್ದು ಹೋಗಾವು ಅವ್ವಾ, ಹೋರಿಗರಾ, ಮಾರೂವು.' ಅದಕ್ಕೂ ನಾನು ಹೂಂ ಅಂದಿದ್ದೆ.

ಮಗಳು ಹಾಲಿನ ಕಟ್ಟೆಯಲ್ಲಿ, ಯಜಮಾನತಿ ಎಲ್ಲೋ ಈಯಲಾರದ ಆಕಳಿನ ಹತ್ತಿರ. ಶೆಡ್ಡಿನಲ್ಲಿ ಆ ಗಂಡಸು ಮತ್ತು ನಾನು, ಇಬ್ಬರೇ. ಬಕೆಟ್ಟು ಬಿಟ್ಟು ಓಡಿದೆ. ಹಲಗೆಗೆ ಅಡ್ಡ ಎರಡೂ ಕೈ ಚಾಚಿ ನಿಂತೆ.

"ತಡೀಯಪಾ. ಇವು ಹೋಗಾವಲ್ಲ. ಇವು ನಮ್ಮವು" ಅಂದೆ.

ಅವನಿಗೆ ಏನು ತಿಳಿಯಬೇಕು? ಕರುವಿನ ಹಣೆ ತೋರಿಸಿದ, ಲಾರಿ ತೋರಿಸಿದ, ನನ್ನನ್ನು ಬದಿಗೆ ಸರಿ ಎಂದು ಕೈ ಮಾಡಿದ. ನಾನು ಸರಿಯಲಿಲ್ಲ. ಬಿಳಿ ಕಾಲಿನದನ್ನು ಎದೆಗೆ ಒತ್ತಿಕೊಂಡು, ಅಂಗೈಯಿಂದ ಅದರ ಹಣೆ ಉಜ್ಜಿದೆ. ಕೆಂಪು ನನ್ನ ಅಂಗೈಗೆ ಬಂತು. ಅವನ ಮುಖಕ್ಕೆ ಹಿಡಿದೆ. ಬಳಿಕ ಒಂದು ಹೋರಿಗರುವಿನ ಹಣೆ ಉಜ್ಜಿದೆ. ಬಣ್ಣ ಅಲ್ಲಾಡಲಿಲ್ಲ. ಅವನು ಎರಡನ್ನೂ ನೋಡಿದ, ನನ್ನ ಕೈ ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಲಾರಿಯೊಳಗೆ ಹೋಗಿ ತಾನೂ ಒಂದೊಂದೇ ಹಣೆ ಉಜ್ಜಿ ನೋಡತೊಡಗಿದ.

ಅಷ್ಟರಲ್ಲಿ ಅಳಿಯ ಗಾಡಿ ಬಿಟ್ಟುಕೊಂಡು ಬಂದ. ನಾನು ಗೋಡೆಯ ಕಡೆ ತಿರುಗಲಿಲ್ಲ. "ಒಳಗ ಇನ್ನಾ ಆರು ಹೆಣ್ಣಗರಾ ಅದಾವ್ರಿ. ಮದಲ ಇಳಸ್ರಿ" ಎಂದು ಅವನ ಮುಖ ನೋಡಿಯೇ ಹೇಳಿದೆ. ಅವನು ಮರುಮಾತಾಡದೆ ಹತ್ತಿದ.

ಯಜಮಾನತಿ ಬಂದಾಗ ಹೆಣ್ಣುಗರುಗಳೆಲ್ಲ ಕೆಳಗಿದ್ದವು. ಅವಳ ಮುಖ ಬಿಗಿದಿತ್ತು. ಹಾಲಿನ ಕಟ್ಟೆಯಿಂದ ಓಡಿಬಂದ ಮಗಳನ್ನು ಏನೋ ಕೇಳಿದಳು. ಮಗಳ ಮುಖ ಸಣ್ಣದಾಯಿತು.

"ಏನಂತಾಳ?"

"ಬಣ್ಣದ ಸುದ್ದಿ ನಿಮ್ಮ ಅವ್ವಗ ಹೇಳಿದ್ಯೋ ಇಲ್ಲೋ ಅಂತಾಳ. ನೀ ಸುಮ್ಮನಿರು, ನಾ ಹೇಳೂದು ಮರತೆ ಅಂತೇನಿ."

ಹಾಗೆ ಅಂದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೇನೋ, ಆದರೆ ಅವಳ ಮೇಲಿನ ನಂಬಿಕೆ ಹೋಗುತ್ತಿತ್ತು. ನಾನು ಅವಳನ್ನು ಹಿಂದೆ ಸರಿಸಿದೆ. ನನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಯಜಮಾನತಿಗೆ ಹೇಳಿದೆ: "ಷೀ ಟೆಲ್. ಐ ನಾಟ್ ಅಂಡರ್‌ಸ್ಟ್ಯಾಂಡ್. ಐ ಸೇ ಎಸ್."

ನಾನು ಮನಸ್ಸಿನಲ್ಲೇ ಚೀಲ ಕಟ್ಟುತ್ತಿದ್ದೆ. ಯಜಮಾನತಿ ನನ್ನ ಕೆಂಪು ಅಂಗೈ ಹಿಡಿದು, ಬಂದ ದಿನದಂತೆಯೇ ತಿರುಗಿಸಿ ನೋಡಿ, ಇದೇನು ಎಂದು ಕೇಳಿದಳು. ಮಗಳು ಶ್ರಾವಣದ್ದು, ಬಸವಣ್ಣನದ್ದು ಎಲ್ಲ ಹೇಳಿದಳು. ನಾನು ಕುಂಕುಮ ಯಾಕೆ ಮುಟ್ಟುತ್ತಿರಲಿಲ್ಲ ಎಂಬುದನ್ನೂ ಹೇಳಿದಳೆಂದು ಕಾಣುತ್ತದೆ, ಯಾಕೆಂದರೆ ಯಜಮಾನತಿಯ ಹಿಡಿತ ಮೆತ್ತಗಾಯಿತು.

ಆಮೇಲೆ ಅವಳು ಕಪಾಟಿನಿಂದ ಬಣ್ಣದ ಡಬ್ಬಿಗಳನ್ನು ತಂದು ಶೆಡ್ಡಿನ ಕಟ್ಟೆಯ ಮೇಲೆ ಇಟ್ಟಳು. ಕೆಂಪು, ನೀಲಿ, ಹಸಿರು. ಲಾರಿಯ ಕಡೆ ಬೆರಳು ಮಾಡಿ, ಕೆಂಪು ಡಬ್ಬಿಯನ್ನು ನನ್ನ ಮುಂದೆ ಸರಿಸಿ, ಹೋಗುವ ಕರುಗಳಿಗೆ ಇದೇ ಬಣ್ಣ ಇರಲೇನು ಎಂಬಂತೆ ಹುಬ್ಬೇರಿಸಿದಳು.

ರೂಢಿಯಂತೆ ಹೂಂ ಎಂಬುದು ಗಂಟಲವರೆಗೆ ಬಂತು. ನುಂಗಿದೆ.

"ನೋ" ಅಂದೆ. ನೀಲಿ ಡಬ್ಬಿಯನ್ನು ಮುಂದೆ ತಳ್ಳಿದೆ.

ಯಜಮಾನತಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಹೋಗುತ್ತ ಮಗಳಿಗೆ ಏನೋ ಹೇಳಿ ಹೋದಳು.

"ಇನ್ನ ಮ್ಯಾಲ ಹೂಂ ಅಂದ್ರ ನಂಬಂಗಿಲ್ಲಂತ. ಹೇಳಿದ್ದನ್ನ ಮಾಡಿ ತೋರಸಬೇಕಂತ, ದಿನಾ, ಹಂಗಾಮ ಮುಗಿಯೂತನಕಾ."

"ಹಂಗಾಮ ಮುಗಿಯೂತನಕಾ ಅಂದ್ಲೇನು?"

"ಹೂಂ ಅವ್ವಾ."

ಮುಂದಿನ ಸೋಮವಾರ ಲಾರಿಗೆ ಹೋಗುವ ಹೋರಿಗರುಗಳ ಬೆನ್ನಿನ ಮೇಲೆ ನೀಲಿ ಗೆರೆ ಇತ್ತು. ಅವು ಹೋಗುವುದು ತಪ್ಪಲಿಲ್ಲ. ಅದನ್ನು ತಪ್ಪಿಸುವುದು ನನ್ನ ಕೈಯಲ್ಲಿರಲಿಲ್ಲ, ಎಲ್ಲಿಗೆ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಅಡ್ಡಗಟ್ಟೆ ತೆಗೆಯದೆ ಎರಡೂ ಅಂಕಣಗಳಿಗೆ ಹೋದೆ. ಬಿಳಿ ಕಾಲಿನದರಿಂದ ಶುರುಮಾಡಿ ಹೆಣ್ಣುಗರುಗಳ ಹಣೆಗೆಲ್ಲ ಕುಂಕುಮ ಹಚ್ಚಿ, ಪೊಟ್ಟಣದಲ್ಲಿ ಉಳಿದದ್ದನ್ನು ಹಾಲಿನಲ್ಲಿ ಕಲಸಿ, ನೀಲಿ ಗೆರೆ ಇದ್ದವುಗಳ ಹಣೆಗೂ ಹಚ್ಚಿದೆ.