ಹತ್ತು ಮನೆಯ ಹಿಡಿಯಕ್ಕಿ

ನಾನು ಯಳಂದೂರಿನವಳು. ಅಪ್ಪ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆಯಲ್ಲಿ ಅಕ್ಕಿ ಅಂದರೆ ಒಂದೇ ಜಾತಿಯದು, ಒಂದೇ ಬೆಳೆಯದು. ಬೆಂದರೆ ಎಲ್ಲ ಅಗುಳೂ ಒಂದೇ ಹದಕ್ಕೆ ಬೇಯಬೇಕು. ಅನ್ನ ಮೆತ್ತಗಾದರೂ ಅವ್ವನಿಗೆ ಬೈಗುಳ, ಗಟ್ಟಿಯಾದರೂ ಬೈಗುಳ. ಇಂಥ ಮನೆಯಿಂದ ಬಂದವಳು ಒಬ್ಬ ಪಾಸ್ಟರನ್ನು ಮದುವೆಯಾಗಿ, ರಾಮಾಪುರ ದಾಟಿ ಒಳಗೆ ಹೋಗುವ ಒಂದು ಊರಿನಲ್ಲಿ ಹಿಡಿಯಕ್ಕಿ ಬೇಯಿಸುತ್ತಾ ಕೂತೆ. ಪಾಸ್ಟರ ಹೆಂಡತಿ ಹಣೇಬರಹ ಅನ್ನಬಾರದಂತೆ. ನಾನು ಅನ್ನುತ್ತಿದ್ದೆ, ಅದೂ ಗಟ್ಟಿಯಾಗಿ.

ಹಿಡಿಯಕ್ಕಿ ಅಂದರೆ ಇಷ್ಟೆ. ನಮ್ಮ ಸಭೆಯ ಹೆಂಗಸರು ಎಸರಿಟ್ಟು ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ತೆಗೆದು ಡಬ್ಬಿಗೆ ಹಾಕುತ್ತಾರೆ. ಹಾಕುವಾಗ ಪಾಸ್ಟರಿಗಾಗಿ ಒಂದು ಪ್ರಾರ್ಥನೆ. ಮಂಡಿಯೂರಿ ಕಣ್ಣು ಮುಚ್ಚಿ ಮಾಡುವಂಥದಲ್ಲ. ಒಲೆ ಊದುತ್ತಾ, ಮಕ್ಕಳಿಗೆ ಗದರುತ್ತಾ ಒಂದೇ ಮಾತು. ಭಾನುವಾರ ಆ ಡಬ್ಬಿಗಳೆಲ್ಲ ಚರ್ಚಿಗೆ ಬಂದು ಒಂದೇ ಚೀಲಕ್ಕೆ ಬೀಳುತ್ತವೆ. ಆ ಚೀಲ ನಮ್ಮ ಮನೆಗೆ ಬರುತ್ತದೆ.

ಚೀಲದಲ್ಲಿ ಏನುಂಟು ಏನಿಲ್ಲ! ಸೊಸೈಟಿ ಅಕ್ಕಿ, ಅಂಗಡಿಯ ಸೋನಾ ಮಸೂರಿ, ತಮಿಳು ಮಾತಾಡುವ ಮನೆಗಳ ಕುಸುಬಲಕ್ಕಿ, ಯಾರದೋ ಮನೆಯ ನುಚ್ಚು, ನಡುವೆ ಸಣ್ಣ ಕಲ್ಲು. ಕುಸುಬಲಕ್ಕಿ ಬೇಯುವಷ್ಟರಲ್ಲಿ ನುಚ್ಚು ಅಂಬಲಿಯಾಗಿರುತ್ತಿತ್ತು. ಆರಿಸಿ ಬೇರೆ ಮಾಡುತ್ತೇನೆ ಅಂತ ಹಟ ಹಿಡಿದು ಕೂತು, ಕಣ್ಣು ನೋವು ಬಂದು, ಮೊರವನ್ನೇ ಎಸೆದದ್ದೂ ಉಂಟು. ನಮ್ಮನೆಯವರು ಮಾತ್ರ ನಗುತ್ತಾ ಉಣ್ಣುತ್ತಿದ್ದರು. ಹತ್ತು ಮನೆಯ ಊಟ ಒಂದೇ ತಟ್ಟೆಯಲ್ಲಿ ಯಾರಿಗೆ ಸಿಗುತ್ತೆ ಅನ್ನುತ್ತಿದ್ದರು. ನಿಮಗೇನು, ಬೇಯಿಸುವವಳು ನಾನಲ್ಲವಾ ಅಂತ ನಾನು ಸಿಡುಕುತ್ತಿದ್ದೆ.

ಈ ಪದ್ಧತಿಯನ್ನು ನಮ್ಮ ಸಭೆಯಲ್ಲಿ ಶುರು ಮಾಡಿದವಳು ದೊಡ್ಡವ್ವ. ನನಗೆ ನೆಂಟಳಲ್ಲ, ಊರಿಗೆಲ್ಲ ಅವಳು ದೊಡ್ಡವ್ವ. ಗಂಡ ಎಂದೋ ತೀರಿಹೋಗಿದ್ದ. ಒಬ್ಬನೇ ಮಗ, ಟ್ರ್ಯಾಕ್ಟರ್ ಓಡಿಸುತ್ತಿದ್ದ, ಭಾನುವಾರ ಆರಾಧನೆಯಲ್ಲಿ ಡೋಲಕ್ ಬಾರಿಸುತ್ತಿದ್ದ. ನಮ್ಮನೆಯವರಿಗೂ ಅವನಿಗೂ ಬಹಳ ಸಲುಗೆ. ಹಾಡಿನ ತಾಳ ತಪ್ಪಿಸಿದರೆ ಪಾಸ್ಟರನ್ನೇ ಎಲ್ಲರೆದುರು ರೇಗಿಸುತ್ತಿದ್ದ.

ಆ ಹುಡುಗನಿಗೆ ಕಿಡ್ನಿ ಕೆಟ್ಟಿತು. ನಮ್ಮನೆಯವರೇ ಅವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದರು. ಸಂಜೆಯಾದರೆ ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ. ಉಪವಾಸ ಬೇರೆ. ಒಂದು ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುತ್ತಾ, ಇವನು ಎದ್ದು ನಿಮ್ಮೆದುರೇ ಡೋಲಕ್ ಬಾರಿಸುತ್ತಾನೆ, ಬರೆದಿಟ್ಟುಕೊಳ್ಳಿ ಅಂದುಬಿಟ್ಟರು. ದೇವರ ಪರವಾಗಿ ಹಾಗೆ ಮಾತು ಕೊಡುವುದು ಯಾಕೆ ಬೇಕಿತ್ತು?

ಅವನು ಹೋಗಿಬಿಟ್ಟ.

ಮಣ್ಣು ಮಾಡುವಾಗ ಇವರು ಪುಸ್ತಕ ನೋಡಿಕೊಂಡು ಓದಿದರು. ಹೆಸರು ಹೇಳುವ ಜಾಗ ಬಂದಾಗ ನಾಲಿಗೆ ಏಳಲಿಲ್ಲ. ನಮ್ಮ ಸಹೋದರ ಅಂತ ಹೇಳಿ ಮುಂದಕ್ಕೆ ಹೋದರು. ಆಮೇಲಿನ ಭಾನುವಾರಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಲ್ಲುವರು, ಬಾಯಿ ತೆರೆಯುವರು, ಮುಚ್ಚುವರು, ಹಾಡು ಹೇಳಿ ಅಂತ ಹೆಂಗಸರಿಗೆ ಕೈ ಸನ್ನೆ ಮಾಡುವರು. ಮನೆಯಲ್ಲಿ ಊಟಕ್ಕೆ ಮುಂಚೆ ಎರಡು ಮಾತು ಹೇಳುತ್ತಿದ್ದವರು ಅದನ್ನೂ ಬಿಟ್ಟರು. ದೊಡ್ಡವ್ವನ ಬೀದಿಗೆ ಹೋಗದೆ ಹೊಲದ ಬದುವಿನ ಮೇಲೆ ಸುತ್ತಿಕೊಂಡು ಬರತೊಡಗಿದರು. ಅವಳು ಒಂದು ದಿನವೂ ಇವರನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಬೈದಿದ್ದರೂ ಚೆನ್ನಾಗಿತ್ತು ಅಂತ ಇವರು ಗೊಣಗುತ್ತಿದ್ದರು. ಊರಿನವರೂ ಅವಳೆದುರು ಮಗನ ಮಾತೆತ್ತುತ್ತಿರಲಿಲ್ಲ. ಪಾಪ, ಯಾಕೆ ಕೆದಕಬೇಕು ಅಂತ ಎಲ್ಲರೂ ಅವನ ಹೆಸರನ್ನೇ ಬಿಟ್ಟು ಮಾತಾಡುವುದನ್ನು ಕಲಿತೆವು. ನಾನೂ ಅಷ್ಟೆ.

ಕೊನೆಗೆ ಒಂದು ದಿನ ಇವರು, ಕೊಳ್ಳೇಗಾಲಕ್ಕೆ ಅಣ್ಣನ ಹತ್ತಿರ ಹೋಗ್ತೀನಿ, ಇನ್ನು ಈ ಕೆಲಸ ನನ್ನಿಂದಾಗಲ್ಲ ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು. ಚರ್ಚಿನ ಬೀಗದ ಕೈ ದೊಡ್ಡವ್ವನಿಗೆ ಕೊಟ್ಟು, ಬಟ್ಟೆಬರೆ ಕಟ್ಟಿಕೊಂಡು ಬಸ್ಸು ಹತ್ತಿದೆವು.

ಇವರ ಅಣ್ಣನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಇವರು ಸುತ್ತುತ್ತಾ ಲೆಕ್ಕ ತಪ್ಪುವರು, ಬಿಚ್ಚಿ ಮತ್ತೆ ಸುತ್ತುವರು. ಕೂತಲ್ಲಿ ಕಾಲು ಅಲ್ಲಾಡಿಸುತ್ತಲೇ ಇರುವರು. ಆ ಕಾಲು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಅಂಗಡಿಯಿಂದ ಒಳ್ಳೇ ಅಕ್ಕಿ ತಂದು ಬೇಯಿಸುತ್ತಿದ್ದೆ. ಅನ್ನ ಮಲ್ಲಿಗೆ ಮೊಗ್ಗಿನ ಹಾಗೆ ಉದುರುದುರಾಗಿ ಆಗುತ್ತಿತ್ತು. ಅದನ್ನು ಇವರು ಅರ್ಧಕ್ಕೆ ಬಿಟ್ಟು ಕೈ ತೊಳೆಯುತ್ತಿದ್ದರು. ಸಂಜೆ ಟೀ ಕುಡಿದು ಬರ್ತೀನಿ ಅಂತ ಹೊರಟವರು ಎಷ್ಟು ಹೊತ್ತಾದರೂ ಬರುತ್ತಿರಲಿಲ್ಲ. ಒಮ್ಮೆ ತರಕಾರಿಗೆ ಹೋದಾಗ ನೋಡಿದೆ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಗೆ ಹೋಗುವ ಹನೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಸುಮ್ಮನೆ ನಿಂತಿದ್ದರು. ಬಸ್ಸು ಬಂತು, ಹೋಯಿತು, ಇವರು ಹತ್ತಲಿಲ್ಲ. ನನಗೆ ಕೋಪವೂ ಬಂತು, ಅಳುವೂ ಬಂತು. ಇಲ್ಲೂ ಇರಲಾರದೆ ಅಲ್ಲೂ ಇರಲಾರದೆ ಈ ಮನುಷ್ಯ ಏನಾಗಿಹೋದಾನೋ ಅನ್ನಿಸಿತು.

ಅಷ್ಟರಲ್ಲಿ ಅಣ್ಣ ಒಂದು ಬಾಡಿಗೆ ಮನೆ ನೋಡಿ ಇಟ್ಟರು. ಇವರೂ ತಲೆಯಾಡಿಸಿದರು. ಊರಿನ ಮನೆ ಖಾಲಿ ಮಾಡಿ ಉಳಿದ ಪಾತ್ರೆ ಪಗಡ ತರುವುದೊಂದು ಬಾಕಿ. ತಂದರೆ ಮುಗಿಯಿತು, ಇವರು ಇನ್ನು ಪಾಸ್ಟರಲ್ಲ. ಇವರಿಗೆ ಆ ಊರಿಗೆ ಕಾಲಿಡಲು ಧೈರ್ಯವಿಲ್ಲ ಅಂತ ನಾನೇ ಹೋದೆ.

ಹೋಗಿ ನೋಡಿದರೆ ಚರ್ಚಿನ ಜಗಲಿಯ ಮೇಲೆ ದೊಡ್ಡವ್ವ ಹಳೇ ಸೀರೆ ಹಾಸಿ ಅಕ್ಕಿ ಒಣಹಾಕಿದ್ದಳು. ಪಕ್ಕದಲ್ಲಿ ತುಂಬಿದ ಚೀಲ, ಅದರ ಬಾಯಲ್ಲಿ ಬೇವಿನ ಸೊಪ್ಪು. ಅಕ್ಕಿಯ ಮೇಲೆ ಕರೀ ಹುಳ ಹರಿದಾಡುತ್ತಿದ್ದವು. ಇದೇನು ದೊಡ್ಡವ್ವ ಅಂದೆ. ಹಿಡಿಯಕ್ಕಿ ಅಂದಳು. ನಾವು ಹೋದಮೇಲೂ ಯಾರೂ ನಿಲ್ಲಿಸಿರಲಿಲ್ಲ. ಭಾನುವಾರ ಭಾನುವಾರ ಡಬ್ಬಿ ತಂದು ಸುರಿದು, ಎರಡು ಹಾಡು ಹೇಳಿ, ಬೀಗ ಹಾಕಿಕೊಂಡು ಹೋಗುತ್ತಿದ್ದರಂತೆ. ಪಾಸ್ಟರೇ ಇಲ್ಲದ ಮೇಲೆ ಇದೆಲ್ಲ ಯಾರಿಗೆ ಅಂತ ಕೇಳಿದೆ.

"ಅಯ್ನೋರು ಇಲ್ಲ ಅಂತ ನಾವು ಅನ್ನ ಮಾಡದ ಬುಟ್ಟಿದ್ದವಾ?" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಅಕ್ಕಿಗೆ ಹುಳ ಬಿತ್ತು, ಇವರು ಅಲ್ಲಿ ತಂತಿ ಸುತ್ತುತ್ತಾ ಸೊರಗುತ್ತಿದ್ದಾರೆ, ಇವಳು ಇಲ್ಲಿ ಕೂತು ಮೊರ ಆಡಿಸುತ್ತಿದ್ದಾಳೆ. ಅಷ್ಟು ಪ್ರಾರ್ಥನೆ ಮಾಡಿ ನಿನ್ನ ಮಗನೇ ಉಳಿಯಲಿಲ್ಲ, ಇದನ್ನು ಯಾರು ಕೇಳ್ತಾರೆ ಅಂದುಬಿಟ್ಟೆ. ದೊಡ್ಡವ್ವ ಕೇರುವುದನ್ನು ನಿಲ್ಲಿಸಲಿಲ್ಲ. ಒಂದು ಹುಳವನ್ನು ಬೆರಳಿನಿಂದ ಆಚೆ ತಳ್ಳಿ, ಆಮೇಲೆ ಹೇಳಿದಳು.

"ನನ್ ಮಗನ್ಗ ಅಂತ ಅಯ್ನೋರು ಅಷ್ಟ್ ದಿನ ಬೇಡ್ಕಂಡ್ರಲ್ಲ, ಅವ್ರೇನಾದ್ರೂ ಬ್ಯಾಸರ ಪಟ್ಕಂಡ್ರಾ? ನಾನ್ಯಾಕ ಪಟ್ಕಳ್ಳಿ ಅಮ್ನೋರೇ."

ಹಿಡಿ ತೆಗೆಯುವಾಗ ಏನಂತ ಬೇಡಿಕೊಳ್ತೀಯ ಅಂತ ಕೇಳಿದೆ. ಯೇಸಪ್ಪ, ಅಯ್ನೋರ ಬಾಯಿ ಬುಡ್ಸಪ್ಪ, ಅಂತ, ಅಷ್ಟೇ ಅಂದಳು. ದಿನವೂ ಅದೇನಾ ಅಂದೆ. ದಿನವೂ ಅದೇ, ಬೇರೆ ಮಾತು ತನಗೆ ಬರುವುದಿಲ್ಲ ಅಂದಳು.

ನಾನು ಪಾತ್ರೆ ಕಟ್ಟಿಕೊಂಡು ಹೊರಡುವಾಗ ಕೇರಿದ ಅಕ್ಕಿ ತಂದು ಚೀಲಕ್ಕೆ ಹಾಕಲು ಬಂದಳು. ಬೇಡ ಅಂದೆ, ಭಾರ ಅಂದೆ, ಅಲ್ಲಿ ನಮಗೆ ಅಕ್ಕಿಗೆ ಬರವಿಲ್ಲ ಅಂದೆ. ಕೇಳುವ ಹೆಂಗಸಲ್ಲ. ಕುಕ್ಕರಿನ ಮುಚ್ಚಳ ತೆಗೆದು ಒಳಗೆ ಸುರಿದು, ಮೇಲೆ ಬಟ್ಟೆ ಕಟ್ಟಿ ಕೊಟ್ಟಳು. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮುಚ್ಚಳ ಜಗಲಿಯ ಮೇಲೇ ಉಳಿಯಿತು. ಹನೂರು ದಾಟಿದ ಮೇಲೆ ನೆನಪಾಗಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆ ಅಕ್ಕಿಯನ್ನು ಓರಗಿತ್ತಿಯ ಕೋಳಿಗಳಿಗೆ ಹಾಕೋಣ ಅಂತಲೇ ಇದ್ದೆ. ಮಾರನೇ ದಿನ ಮಧ್ಯಾಹ್ನ ಎಸರಿಟ್ಟಾಗ ಕೈ ತಾನಾಗಿ ಅದರ ಕಡೆಗೇ ಹೋಯಿತು. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಹಳೇ ಅಕ್ಕಿ, ಎಂದಿನಂತೆ ಅರ್ಧ ಬೆಂದು ಅರ್ಧ ಬೇಯದೆ ಕೂತಿತು. ಇವರು ಅಂಗಡಿಯಿಂದ ಬಂದು, ಎತ್ತಲೋ ನೋಡುತ್ತಾ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುತ್ತಿದ್ದವರು ನಿಲ್ಲಿಸಿದರು. ಅಲ್ಲಾಡುತ್ತಿದ್ದ ಕಾಲೂ ನಿಂತಿತು.

ಇದು ಎಲ್ಲಿಯ ಅಕ್ಕಿ ಅಂತ ಕೇಳಿದರು. ಹತ್ತು ಮನೆಯದು ಅಂದೆ. ಎಲ್ಲ ಹೇಳಿದೆ, ನಾನು ಆಡಿದ ಕೆಟ್ಟ ಮಾತನ್ನೂ ಸೇರಿಸಿ. ದೊಡ್ಡವ್ವ ಏನಂತ ಬೇಡಿಕೊಳ್ತಾಳೆ ಅನ್ನುವುದನ್ನು ಇವರು ಮತ್ತೆ ಮತ್ತೆ ಹೇಳಿಸಿಕೊಂಡರು. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಕೈ ತೊಳೆದು ಹೊರಗೆ ಹೋದರು, ಒಳಗೆ ಬಂದರು, ಮತ್ತೆ ಹೋದರು. ಆಮೇಲೆ ಬಾಗಿಲಲ್ಲಿ ನಿಂತು, ನಡಿ ಅಂದರು.

ಹನೂರಿನಲ್ಲಿ ಬಸ್ಸು ಬದಲಿಸಬೇಕು. ಇಳಿದವರೇ ಟೀ ಅಂಗಡಿಯ ಕಡೆ ತಿರುಗಿದರು. ರಾಮಾಪುರದ ಬಸ್ಸು ಬಂದು ನಿಂತರೂ ಲೋಟ ಕೆಳಗಿಡಲಿಲ್ಲ. ಅದು ಹೋಯಿತು. ಇನ್ನೊಂದು ಯಾವಾಗಲೋ. ಇವರು ಕೊಳ್ಳೇಗಾಲದ ಬಸ್ಸಿನ ಬೋರ್ಡು ನೋಡುತ್ತಾ ನಿಂತರು. ಈಗ ತಿರುಗಿ ಹೋದರೆ ಈ ಮನುಷ್ಯ ಇನ್ನೆಂದೂ ಬರುವುದಿಲ್ಲ ಅಂತ ನನಗೆ ಗೊತ್ತಾಗಿಹೋಯಿತು. ಪಾಸ್ಟರ ಹೆಂಡತಿಗೆ ಆಗ ಒಂದು ಒಳ್ಳೇ ವಚನ ನೆನಪಾಗಬೇಕಿತ್ತು. ನೆನಪಾದದ್ದು ಕುಕ್ಕರಿನ ಮುಚ್ಚಳ.

"ನೀವು ಬರ್ತೀರೋ ಬಿಡ್ತೀರೋ, ನನ್ನ ಮುಚ್ಚಳ ಅಲ್ಲಿದೆ. ನಾನು ಹೋಗ್ತೀನಿ" ಅಂದೆ.

ಮುಂದಿನ ಬಸ್ಸು ಬಂದಾಗ ಹಿಂದೆ ನೋಡದೆ ಹತ್ತಿದೆ. ಸೀಟಿನಲ್ಲಿ ಕೂತು ನೋಡಿದರೆ, ಇವರು ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದರು.

ಊರಿಗೆ ಮುಟ್ಟಿದಾಗ ಹೆಂಗಸರೆಲ್ಲ ಕೂಲಿಗೆ ಹೋಗಿದ್ದರು. ದೊಡ್ಡವ್ವ ಒಬ್ಬಳೇ ಜಗಲಿಯ ಮೇಲಿದ್ದಳು. ನಮ್ಮನ್ನು ನೋಡಿ ಎದ್ದಳು. ಯಾವಾಗ ಬಂದಿರಿ, ಇರುತ್ತೀರಾ, ಹೋಗುತ್ತೀರಾ, ಒಂದೂ ಕೇಳಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಳು, ಚಾಪೆ ಹಾಸಿದಳು, ತಲೆ ಮೇಲೆ ಸೆರಗು ಹೊದ್ದು ತಾನು ಭಾನುವಾರ ಕೂರುವ ಜಾಗದಲ್ಲೇ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಡೋಲಕ್ ಇತ್ತು.

ಇವರು ಎದುರಿಗೆ ನಿಂತರು. ಬಾಯಿ ತೆರೆದರು, ಮುಚ್ಚಿದರು. ಹಾಡು ಹೇಳಿ ಅನ್ನಲು ಕೈ ಎತ್ತಿ, ಹಾಗೇ ಇಳಿಸಿದರು. ಹೊರಗೆ ಯಾರದೋ ಮೇಕೆ ಅರಚುತ್ತಿತ್ತು. ದೊಡ್ಡವ್ವನಿಗೆ ಯಾವ ಅವಸರವೂ ಇರಲಿಲ್ಲ. ಎಸರು ಕುದಿಯಲಿ ಅಂತ ಕಾಯುವವಳ ಹಾಗೆ ಕೂತಿದ್ದಳು.

ಆಮೇಲೆ ಇವರು ಆ ಹುಡುಗನ ಹೆಸರು ಹೇಳಿದರು. ಮುಂದೆ ‘ತಂದೆಯೇ’ ಅನ್ನುವ ಕರೆಯಿಲ್ಲ, ಹಿಂದೆ ಸ್ತೋತ್ರವಿಲ್ಲ, ಬರೀ ಹೆಸರು. ಮಣ್ಣು ಮಾಡುವ ದಿನ ಹೊರಡದೆ ಉಳಿದಿತ್ತಲ್ಲ, ಅದು.

ಆಮೆನ್, ಅಂದಳು ದೊಡ್ಡವ್ವ, ಇಡೀ ಚರ್ಚಿಗೆ ಕೇಳುವಂತೆ. ಅವಳು ಅಳುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇವರನ್ನೇ ನೋಡಿದಳು.

"ಇನ್ನೊಂದ್ಸಲ ಯೋಳಿ ಅಯ್ನೋರೇ. ಅವ್ನ ಎಸ್ರ ಊರ್ಲಿ ಯಾರೂ ಎತ್ತದೇ ಇಲ್ಲ."

ಇವರು ಇನ್ನೊಂದು ಸಲ ಹೇಳಲು ಹೋದರು. ಹೆಸರು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ನಾನು ಹೇಳಿದೆ.