ವರ್ಲೀನಳ ಹಳೆಯ ಕ್ರೆಡಿಟ್ಟು, ನನ್ನ ಸೇಬಿನ ಕೇಕು

ವರ್ಲೀನ್ ನನ್ನ ಗಂಡನ ತಂಗಿಯ ಮಗಳು. ಕೆಂಟಕಿಯ ನಮ್ಮ ಕಣಿವೆಯಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಗಂಡಸರೆಲ್ಲ ಕೆಲಸ ಹುಡುಕುತ್ತ ಊರೂರು ಅಲೆದರು. ಇವಳು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಜೈಲಿನಲ್ಲಿ ಹೆಂಗಸರ ಕಡೆಯ ಕಾವಲಿಗೆ ಸೇರಿಕೊಂಡಳು. ಅವಳು ಗದರಿದ್ದನ್ನು ಯಾರೂ ಕೇಳಿಲ್ಲ. ಹುಬ್ಬು ಏರಿಸಿದರೆ ಸಾಕು, ಜಗಳ ಅಲ್ಲಿಗೇ ನಿಲ್ಲುತ್ತಿತ್ತು.

ಅವಳಿಗೊಂದು ಆಸೆ. ದಾರಿ ತಪ್ಪಿದ ಹುಡುಗರನ್ನು ಜೈಲಿಗೆ ಬೀಳುವ ಮೊದಲೇ ಹಿಡಿದು ನಿಲ್ಲಿಸುವ ಪ್ರೊಬೇಷನ್ ಅಧಿಕಾರಿಯಾಗಬೇಕೆಂದು. ಆ ಕೆಲಸದಲ್ಲಿದ್ದ ಮುದುಕ ಮುಂದಿನ ಬೇಸಿಗೆಗೆ ಬಿಡುವವನಿದ್ದ. ಅದಕ್ಕೆ ಸಮುದಾಯ ಕಾಲೇಜಿನ ಅಪರಾಧ-ನ್ಯಾಯದ ಡಿಗ್ರಿ ಬೇಕು. ಮೊದಲಿನಿಂದ ಓದಿದರೆ ಎರಡು ವರ್ಷ. ಮದುವೆಗೆ ಮುಂಚೆ ಒಹಾಯೊದಲ್ಲಿ ಓದಿ ಅರ್ಧಕ್ಕೆ ಬಿಟ್ಟಿದ್ದಳಲ್ಲ, ಆಗ ಪಾಸಾದ ಪಾಠಗಳ ಕ್ರೆಡಿಟ್ಟುಗಳನ್ನು ಇಲ್ಲಿನ ಕಾಲೇಜಿನವರು ಒಪ್ಪಿಕೊಂಡರೆ ಒಂದೇ ವರ್ಷ. ಒಪ್ಪದಿದ್ದರೆ ಕೆಲಸ ಬೇರೆಯವರ ಪಾಲು.

ಕಾಲೇಜಿನವರು ಕರೆದ ದಿನ ನಾನೂ ಜೊತೆಗೆ ಹೊರಟೆ. ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋದವಳಲ್ಲ ನಾನು. ಒಣಸೇಬಿನ ಪದರದ ಕೇಕು ಮಾಡಿ, ಬಟ್ಟೆ ಸುತ್ತಿ ಎರಡು ದಿನ ಹದಕ್ಕೆ ಬಿಟ್ಟಿದ್ದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಟ್ರಕ್ಕು ಹತ್ತಿದೆ.

ಹಳೆಯ ಕ್ರೆಡಿಟ್ಟುಗಳನ್ನು ಪರಿಶೀಲಿಸುವವನು ಕ್ರೆನ್ಶಾ ಎಂಬ ಸಣಕಲ ಮನುಷ್ಯ. ಅವನ ಮೇಜಿನ ಮೇಲೆ ಕೇಕು ಇಟ್ಟೆ. ಅವನು ಎರಡೂ ಕೈಯಿಂದ ಅದನ್ನು ನನ್ನತ್ತ ಸರಿಸಿದ.

"ಅಮ್ಮಾ, ಇವರ ಅರ್ಜಿ ನನ್ನ ಮೇಜಿನ ಮೇಲಿರೋವರೆಗೂ ನಾನಿದನ್ನ ಮುಟ್ಟೋ ಹಾಗಿಲ್ಲ."

"ಯಾಕಪ್ಪಾ, ಸಕ್ಕರೆ ಕಾಯಿಲೆನಾ?"

ವರ್ಲೀನಳ ಕಿವಿ ಕೆಂಪಾಯಿತು. "ಅತ್ತೆ, ಇದನ್ನ ಲಂಚ ಅಂತಾರೆ. ಇಂಥದ್ದು ಕೊಡೋರನ್ನ ಹಿಡಿಯೋದು ಹೇಗೆ ಅಂತ ಓದೋಕೇ ನಾನಿಲ್ಲಿಗೆ ಬಂದಿರೋದು."

"ಲಂಚಕ್ಕೆ ಯಾರಾದ್ರೂ ಇಷ್ಟೊಳ್ಳೆ ಸೇಬು ಹಾಕ್ತಾರೇನೇ?"

ಕ್ರೆನ್ಶಾ ನಕ್ಕ. ಆಮೇಲೆ ವಿಷಯಕ್ಕೆ ಬಂದ. ಇಂಗ್ಲಿಷು, ಗಣಿತ, ಮನಶ್ಶಾಸ್ತ್ರ ಎಲ್ಲ ನಡೆಯುತ್ತದೆ. ಪೊಲೀಸು, ಜೈಲಿನ ಪಾಠಗಳು ಮಾತ್ರ ತೀರ ಹಳೆಯವು. ಅಲ್ಲಿಂದೀಚೆಗೆ ಕಾನೂನುಗಳೇ ಬದಲಾಗಿವೆ, ಮತ್ತೆ ಓದಬೇಕು. ಹಾಗಾದರೆ ಒಂದು ವರ್ಷದಲ್ಲಿ ಮುಗಿಯುವುದಿಲ್ಲ.

"ಆಯ್ತು ಸರ್," ಎಂದು ವರ್ಲೀನ್ ಎದ್ದೇಬಿಟ್ಟಳು. ನಮ್ಮ ಕಣಿವೆಯವರ ಗುಣವೇ ಅದು. ಇಲ್ಲ ಎಂದವರನ್ನು ಎರಡನೇ ಸಲ ಕೇಳುವುದಿಲ್ಲ, ತನ್ನ ವಿಷಯ ತಾನು ಹೇಳಿಕೊಳ್ಳುವುದು ಜಂಬ ಎಂದುಕೊಳ್ಳುತ್ತೇವೆ.

"ಕೂತ್ಕೊಳೇ," ಎಂದೆ. "ಏನಪ್ಪಾ, ಇವಳ ಕೆಲಸ ಏನು ಅಂತ ಗೊತ್ತಾ ನಿಂಗೆ?"

"ಕೌಂಟಿ ನೌಕರಿ ಅಂತ ಬರೆದಿದಾರೆ."

"ರಸ್ತೆ ಬದಿ ಹುಲ್ಲು ಕೊಯ್ಯೋದೂ ಕೌಂಟಿ ನೌಕರೀನೇ. ಇವಳು ಜೈಲು ಕಾಯ್ತಾಳೆ. ವರ್ಷವರ್ಷ ಸರ್ಕಾರದ ತರಬೇತಿಗೆ ಹೋಗಿ ಪಾಸಾಗಿ ಬರ್ತಾಳೆ."

"ಅದು ಓದಲ್ಲ ಅತ್ತೆ, ಡ್ಯೂಟಿ."

ಕ್ರೆನ್ಶಾ ಕನ್ನಡಕ ತೆಗೆದ. "ಅದಕ್ಕೂ ಕ್ರೆಡಿಟ್ ಕೊಡೋಕೆ ಅವಕಾಶ ಇದೆ. ಮೊದಲೇ ಹೇಳಬಾರದಾಗಿತ್ತಾ?"

"ನೀವು ಕೇಳಲಿಲ್ಲ," ಎಂದಳು ಪುಣ್ಯಾತ್ಗಿತ್ತಿ.

ತರಬೇತಿ ಕಚೇರಿಯವರನ್ನು ವಿಚಾರಿಸುತ್ತೇನೆ, ಹೊರಗೆ ಕಾಯುತ್ತಿರಿ ಎಂದ. ಟ್ರಕ್ಕಿನಲ್ಲಿ ಕೂತೆವು. ಊಟದ ಹೊತ್ತು ಮೀರಿತು. ವರ್ಲೀನ್ ಜೇಬಿನ ಚಾಕು ತೆಗೆದು ಕೇಕು ಕೊಯ್ದಳು. ಅವಳಿಗೆ ಹೆದರಿಕೆಯಾದಾಗ ಹಸಿವು ಹೆಚ್ಚು.

ಕೊನೆಗೂ ಕ್ರೆನ್ಶಾ ತಾನೇ ನಡೆದುಕೊಂಡು ಬಂದ. "ತರಬೇತಿ ಲೆಕ್ಕಕ್ಕೆ ಬಂತು. ಒಂದು ವರ್ಷ ಓದಿದ್ರೆ ಸಾಕು. ಸಹಿ ಹಾಕಿ ಕಳಿಸಿದೀನಿ," ಎಂದವನು ಕೆಮ್ಮಿದ. "ಅಂದ್ರೆ, ಅರ್ಜಿ ಈಗ ನನ್ನ ಮೇಜಿನ ಮೇಲಿಲ್ಲ."

ಅವನ ಕಣ್ಣು ಕೇಕಿನ ತಟ್ಟೆಯ ಮೇಲಿತ್ತು. ತಟ್ಟೆಯಲ್ಲಿ ಪುಡಿ ಮಾತ್ರ ಉಳಿದಿತ್ತು.

ವರ್ಲೀನ್ ಬಾಯಿ ಒರೆಸಿಕೊಂಡಳು. "ಸಾಕ್ಷ್ಯನಾಶ ಆಗೋಗಿದೆ ಸರ್."

ಮುಂದಿನ ಬೇಸಿಗೆಗೆ ಅವಳು ಡಿಗ್ರಿ ಪಡೆದಳು, ಆ ಕೆಲಸವೂ ಅವಳದಾಯಿತು. ಪದವಿ ಕೊಟ್ಟ ದಿನ ಕ್ರೆನ್ಶಾನಿಗೆ ಇಡೀ ಕೇಕು ಒಯ್ದೆ. ಅವನು ಕೈಚಾಚಿ, ತಟ್ಟನೆ ತಡೆದು ಕೇಳಿದ, "ನಿಮ್ಮ ಮನೇಲಿ ಇನ್ಯಾರಾದ್ರೂ ಕಾಲೇಜು ಸೇರೋರು ಇದಾರಾ?"

"ನಾನೇ ಸೇರೋಣ ಅಂತಿದೀನಿ," ಎಂದೆ.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ವರ್ಲೀನ್ ನಗುತ್ತ ನಗುತ್ತ ಗೋಡೆಗೆ ಒರಗಿಬಿಟ್ಟಳು.