ಹತ್ತನೇ ಸಲ ಮಾರಾಟವಾದ ಡಿವಿಡಿ ಪ್ಲೇಯರ್

ಬಿ.ಸಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ನಿಂತು ನಾನು ಕೇಳಿದ್ದು ಸಾಧಾರಣ ಪ್ರಶ್ನೆ. ಡಿವಿಡಿ ಪ್ಲೇಯರ್ ಉಂಟಾ, ಕಡಿಮೆ ರೇಟಿನದ್ದು?

ಬಿಲ್ ಬರೆಯುತ್ತಿದ್ದ ಮಾಲೀಕರು ಪೆನ್ನು ಕೆಳಗಿಟ್ಟರು. 'ಎಂತಕ್ಕೆ ಸರ್? ಶಾಲೆಯ ವಸ್ತುಪ್ರದರ್ಶನಕ್ಕಾ?'

ಪಕ್ಕದಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ಹಾಕಿ ನೋಡುತ್ತಿದ್ದ ಗಂಡ ಹೆಂಡತಿ ನಕ್ಕರು. ನಾನೂ ನಕ್ಕೆ. (ನಗದೆ ನಿಂತರೆ ಇನ್ನೂ ಹತ್ತು ವರ್ಷ ವಯಸ್ಸಾದಂತೆ ಕಾಣುತ್ತದೆ.) ಒಂದು ಕಾಲದಲ್ಲಿ ಇದೇ ಅಂಗಡಿಯ ಎದುರು ದೀಪಾವಳಿಗೆ ಡಿವಿಡಿ ಪ್ಲೇಯರುಗಳನ್ನು ಸಾಬೂನಿನ ಹಾಗೆ ಒಂದರ ಮೇಲೊಂದು ಪೇರಿಸಿ ಇಡುತ್ತಿದ್ದರು. ಟಿವಿ ತೆಗೆದುಕೊಂಡರೆ ಪ್ಲೇಯರ್ ಫ್ರೀ. ಅಥವಾ ಅದು ಬೇರೆ ಅಂಗಡಿಯೋ? ನನ್ನ ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ಈ ವಾರ ಅದು ಇನ್ನಷ್ಟು ಕಡಿಮೆಯಾಗಿದೆ.

ನನಗೇಕೆ ಈಗ ಡಿವಿಡಿ ಪ್ಲೇಯರ್? ಒಬ್ಬರು ಊಟ ಮಾಡಿದ್ದರೋ ಇಲ್ಲವೋ ಎಂದು ನೋಡಲಿಕ್ಕೆ. ಅದೂ ಹದಿನೆಂಟು ವರ್ಷದ ಹಿಂದೆ.

ಬೆಳ್ತಂಗಡಿಯಲ್ಲಿರುವ ನನ್ನ ಅಕ್ಕ ಹೊಸ ಮನೆ ಕಟ್ಟಿಸಿದ್ದಾಳೆ. ಒಕ್ಕಲಿಗೆ (ಗೃಹಪ್ರವೇಶಕ್ಕೆ ನಮ್ಮ ಕಡೆಯ ಹೆಸರು) ಎರಡು ವಾರ ಉಂಟು ಎನ್ನುವಾಗ, ಕಾಗದ ಕೊಟ್ಟು ಕರೆಯಬೇಕಾದವರ ಪಟ್ಟಿ ಬರೆಯಲು ಕುಳಿತೆವು. ಅಕ್ಕ, ಭಾವ, ಅಮ್ಮ, ನಾನು. ಅರ್ಧ ಪಟ್ಟಿ ಮುಗಿದಾಗ ಅಕ್ಕ ಮೆಲ್ಲನೆ ಒಂದು ಹೆಸರು ಹೇಳಿದಳು. ಸದಾನಂದ ಮಾವ.

ಅಮ್ಮ ಕನ್ನಡಕ ತೆಗೆದರು. ನಮ್ಮ ಮನೆಯಲ್ಲಿ ಅದು ಮಾತು ಮುಗಿಯಿತು ಎಂಬುದರ ಗುರುತು.

ಸದಾನಂದ ಮಾವ ಅಮ್ಮನ ದೊಡ್ಡಪ್ಪನ ಮಗ. ಬಂಟ್ವಾಳ ಪೇಟೆಯಲ್ಲಿ ಟೈಲರ್. ನಮ್ಮ ಶಾಲೆಯ ಯೂನಿಫಾರ್ಮಿನಿಂದ ಹಿಡಿದು ಅಕ್ಕನ ಮದುವೆಯ ರವಿಕೆಯವರೆಗೆ ಎಲ್ಲವನ್ನೂ ಹೊಲಿದವರು. (ಬೆಳೆಯುವ ಮಕ್ಕಳು ಎಂದು ಚಡ್ಡಿಯನ್ನು ಮೊಣಕಾಲು ದಾಟಿಸಿ ಹೊಲಿಯುತ್ತಿದ್ದರು. ಆ ಚಡ್ಡಿಗೆ ನಾನು ಸಮನಾಗುವಷ್ಟರಲ್ಲಿ ಪ್ಯಾಂಟಿನ ವಯಸ್ಸು ಬಂದಿತ್ತು.) ಅಕ್ಕನ ಮದುವೆಯ ದಿನ ಅವರು ಊಟ ಮಾಡದೆ ಹೋದರು. ಅದಾದ ಮೇಲೆ ನಮ್ಮ ಮನೆಯ ಯಾವ ಕಾರ್ಯಕ್ಕೂ ಅವರಿಗೆ ಕಾಗದ ಹೋಗಲಿಲ್ಲ. ಅವರೂ ಬರಲಿಲ್ಲ. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ಜಗಳಕ್ಕೆ ರಾಜಿ ಉಂಟು.

ನಮ್ಮಲ್ಲಿ ಮದುವೆಗೆ ಬಾರದವರನ್ನು ಕ್ಷಮಿಸುತ್ತಾರೆ. ಬಂದು ಉಣ್ಣದೆ ಹೋದವರನ್ನು ಕ್ಷಮಿಸುವುದಿಲ್ಲ.

'ಅವರು ಉಂಡಿದ್ದಾರೆ. ನಾನು ನೋಡಿದ್ದೇನೆ' ಎಂದಳು ಅಕ್ಕ. ಮದುಮಗಳಾಗಿ ಮಂಟಪದಲ್ಲಿದ್ದವಳು ಊಟದ ಹಾಲ್‌ನಲ್ಲಿ ನಡೆದದ್ದನ್ನು ಹೇಗೆ ನೋಡಿದಳು ಎಂದು ಭಾವ ಕೇಳಿದರು. ಅಕ್ಕ ಅವರನ್ನು ನೋಡಿದ ರೀತಿಗೆ ಭಾವ ಪಟ್ಟಿಯ ಕಡೆ ತಿರುಗಿದರು.

ಅಮ್ಮ ನನ್ನತ್ತ ಕೈ ತೋರಿಸಿದರು. 'ಇವನ ಡೈರಿಯಲ್ಲೇ ಉಂಟಲ್ಲ.'

ಹೌದು, ಉಂಟು. ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುವವನು. ಮನೆಯಲ್ಲಿ ವಾದ ಬಂದಾಗಲೆಲ್ಲ ಅದೇ ಕೋರ್ಟು. ಮೂಡುಬಿದಿರೆಯ ನನ್ನ ಮನೆಗೆ ಮರಳಿದ ಮೇಲೆ ಆ ವರ್ಷದ ಡೈರಿಯನ್ನು ತೆಗೆದು ನೋಡಿದೆ. 'ಅಕ್ಕನ ಮದುವೆ ಚೆನ್ನಾಗಿ ಆಯಿತು. ಸದಾನಂದ ಮಾವ ಊಟ ಮಾಡದೆ ಹೋದರು. ಕಾರಣ ಗೊತ್ತಿಲ್ಲ.' ನನ್ನದೇ ಅಕ್ಷರ, ನೀಲಿ ಶಾಯಿ. ಆದರೆ ನಾನು ನೋಡಿದ್ದನ್ನು ಬರೆದೆನೋ, ಯಾರೋ ಹೇಳಿದ್ದನ್ನು ಬರೆದೆನೋ? ನೆನಪಿಲ್ಲ. ಬರೆದು ಇಟ್ಟ ಮಾತಿಗೆ ಇಷ್ಟು ಬೆಲೆ ಬರುತ್ತದೆ ಎಂದು ಗೊತ್ತಿದ್ದರೆ ಇನ್ನೊಂದು ಸಾಲು ಬರೆಯುತ್ತಿದ್ದೆನೇನೋ.

ಅಮ್ಮನಿಗೆ ಫೋನ್ ಮಾಡಿ, ಡೈರಿಯನ್ನು ಅಷ್ಟು ನಂಬಬೇಡಿ ಎಂದೆ. ಅಮ್ಮ ಒಂದು ಷರತ್ತು ಹಾಕಿದರು. 'ಅವ ಉಂಡದ್ದು ತೋರಿಸು. ನಾನೇ ಹೋಗಿ ಕಾಗದ ಕೊಡ್ತೇನೆ.'

ತೋರಿಸಬಹುದಿತ್ತು. ಮದುವೆಯ ಡಿವಿಡಿ ಇತ್ತು. ನಮ್ಮ ಮದುವೆಯ ವಿಡಿಯೋದವರು ಧಾರೆಯನ್ನು ಬೇಕಾದರೂ ಬಿಟ್ಟಾರು, ಊಟದ ಪಂಕ್ತಿಯನ್ನು ಬಿಡುವವರಲ್ಲ. ಅನ್ನ ಬಾಯಿಗೆ ಹೋಗುವ ಹೊತ್ತಿಗೆ ಸರಿಯಾಗಿ ಮುಖಕ್ಕೆ ಲೈಟು ಹಾಕುತ್ತಾರೆ. ಎಷ್ಟು ಬೈದುಕೊಂಡಿದ್ದೇವೆ ಅವರನ್ನು. ಮನೆಯ ಬೇರೆ ಡಿಸ್ಕುಗಳೆಲ್ಲ ಹಕ್ಕಿ ಓಡಿಸಲಿಕ್ಕೆಂದು ಅಲಸಂಡೆ ಚಪ್ಪರದಲ್ಲಿ ತೂಗಿ ತೀರಿಹೋಗಿದ್ದವು. ಇದೊಂದು ಆಲ್ಬಮ್ಮಿನ ಪೆಟ್ಟಿಗೆಯೊಳಗೆ ಇದ್ದ ಕಾರಣ ಉಳಿಯಿತು.

ಡಿಸ್ಕ್ ಉಂಟು, ಹಾಕಿ ನೋಡುವುದು ಯಾವುದರಲ್ಲಿ? ಲ್ಯಾಪ್‌ಟಾಪಿನಲ್ಲಿ ಡಿಸ್ಕಿನ ಬಾಯಿಯೇ ಇಲ್ಲ. ವಿಡಿಯೋ ಮಾಡಿದವರು ಸ್ಟುಡಿಯೋ ಮುಚ್ಚಿ ಈಗ ಕ್ಯಾಟರಿಂಗ್ ಮಾಡುತ್ತಾರೆ. ಆನ್‌ಲೈನಿನಲ್ಲಿ ಹೊಸ ಪ್ಲೇಯರಿಗೆ ಎರಡೂವರೆ ಸಾವಿರ, ಬರುವುದು ಒಕ್ಕಲು ಕಳೆದ ಮೇಲೆ. ಒಂದು ಮಧ್ಯಾಹ್ನ ನೋಡಿ ಮೂಲೆಗೆ ಇಡುವ ವಸ್ತುವಿಗೆ ಎರಡೂವರೆ ಸಾವಿರವೇ? ನಾನು ಜಿಪುಣ. ಓದುಗರಿಗೆ ಇದು ಹೊಸ ಸುದ್ದಿಯಲ್ಲ.

ಹಾಗೆ ಶುರುವಾಯಿತು ನನ್ನ ಯಾತ್ರೆ. ಬಿ.ಸಿ. ರೋಡಿನಲ್ಲಿ ನಗು ಸಿಕ್ಕಿತು. (ಅಲ್ಲಿಂದ ಹತ್ತು ನಿಮಿಷಕ್ಕೆ ಮಾವನ ಅಂಗಡಿ. ನೇರ ಹೋಗಿ ಅವರನ್ನೇ ಕೇಳಬಹುದಿತ್ತು. ಮನುಷ್ಯರನ್ನು ಕೇಳುವುದಕ್ಕಿಂತ ಮೆಷಿನ್ ಹುಡುಕುವುದು ಸುಲಭ ಎಂದು ನನಗೆ ಆಗ ಅನಿಸಿರಬೇಕು.) ಬೆಳ್ತಂಗಡಿಯಲ್ಲಿ ಒಂದು ಹಳೇ ಪೀಸ್ ಸಿಕ್ಕಿತು. ಅಟ್ಟದಿಂದ ಇಳಿಸಿ, ಧೂಳು ಊದಿ, ಎರಡು ಸಾವಿರ ಎಂದರು. ರಿಮೋಟ್ ಇಲ್ಲ, ಗ್ಯಾರಂಟಿ ಇಲ್ಲ. ಸಾವಿರಕ್ಕೆ ಕೇಳಿದೆ. ಅವರು ಮರುಮಾತಿಲ್ಲದೆ ಅದನ್ನು ಮತ್ತೆ ಅಟ್ಟಕ್ಕೇರಿಸಿದರು.

ಕೊನೆಗೆ ಅದು ಸಿಕ್ಕಿದ್ದು ನನ್ನ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ, ಮೂಡುಬಿದಿರೆ ಪೇಟೆಯ ಹಮೀದಾಕ ಅವರ ರಿಪೇರಿ ಅಂಗಡಿಯಲ್ಲಿ. ಹಮೀದಾಕ ಸೌದಿಯ ದಮ್ಮಾಮಿನಲ್ಲಿ ಹತ್ತಾರು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದವರು. ಈಗ ಮಿಕ್ಸಿ, ಫ್ಯಾನು, ಏನು ತಂದರೂ ಬಿಚ್ಚುತ್ತಾರೆ. ನಮ್ಮ ಮಿಕ್ಸಿಯ ಒಳಗು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಪ್ಲೇಯರ್ ಉಂಟು, ಗಲ್ಫಿನಿಂದ ತಂದದ್ದು, ಆರುನೂರು ರೂಪಾಯಿ ಎಂದರು. ನಾಲ್ಕುನೂರಕ್ಕೆ ಕೊಡಿ ಎಂದೆ. ಅವರು ಬೇರೆಯೇ ಒಂದು ಪ್ರಶ್ನೆ ಕೇಳಿದರು. 'ಎಂತ ಉಂಟು ಡಿಸ್ಕಿನಲ್ಲಿ?'

'ಅಕ್ಕನ ಮದುವೆ.'

'ನೋಡಿ ಆದ ಮೇಲೆ ವಾಪಸು ತನ್ನಿ. ಐನೂರು ವಾಪಸು ಕೊಡ್ತೇನೆ.'

ಅದು ಮಾರಾಟವೋ ಬಾಡಿಗೆಯೋ ಎಂದು ಕೇಳಿದೆ. ಮಾರಾಟವೇ ಅಂತೆ. ಬಾಡಿಗೆ ಎಂದರೆ ಜನ ಹಾಳು ಮಾಡುತ್ತಾರೆ, ತಮ್ಮದು ಎಂದರೆ ಜಾಗ್ರತೆ ಮಾಡುತ್ತಾರೆ. 'ಇದನ್ನು ಒಂಬತ್ತು ಸಲ ಮಾರಿದ್ದೇನೆ ಮಾರಾಯ್ರೆ. ಒಂಬತ್ತು ಸಲವೂ ಬಂದಿದೆ. ಒಬ್ಬರೂ ಸಿನಿಮಾ ನೋಡ್ಲಿಕ್ಕೆ ತಗೊಂಡದ್ದಲ್ಲ.' ಒಬ್ಬರಿಗೆ ತೀರಿಹೋದ ತಂದೆಯ ಸ್ವರ ಕೇಳಬೇಕಿತ್ತು. ಒಬ್ಬರಿಗೆ ಹಳೇ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂದು ನೋಡಬೇಕಿತ್ತು.

ನಾನು ಚೌಕಾಸಿ ನಿಲ್ಲಿಸಿದೆ.

'ನಿಮ್ಮ ಟಿವಿಯ ಹಿಂದೆ ಮೂರು ತೂತು ಉಂಟಾ? ಕೆಂಪು, ಬಿಳಿ, ಹಳದಿ?' ಅಕ್ಕನಿಗೆ ಫೋನ್ ಮಾಡಿದೆ. ಅವಳು ಟಿವಿಯ ಹಿಂದೆ ಟಾರ್ಚು ಹಾಕಿ, ಒಂದೇ ಸಣ್ಣ ತೂತು ಉಂಟು, ಮತ್ತೆ ಒಂದು ಜೇಡ ಉಂಟು ಎಂದಳು. ಅದಕ್ಕೆ ಬೇಕಾದ ವಯರನ್ನೂ ಹಮೀದಾಕ ಡ್ರಾಯರಿನಿಂದ ಹುಡುಕಿ ಕೊಟ್ಟರು. ಜೇಡಕ್ಕೆ ಅವರಲ್ಲಿ ಏನೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬೆಳ್ತಂಗಡಿಯಲ್ಲಿ ನಾಲ್ವರೂ ಟಿವಿಯ ಎದುರು ಕುಳಿತೆವು. ಪ್ಲೇಯರ್ ಸ್ವಲ್ಪ ಹೊತ್ತು ಕೆಮ್ಮಿತು. ಆಮೇಲೆ ಚಿತ್ರ ಬಂತು. ಭಾವನ ತಲೆಯಲ್ಲಿ ಕೂದಲಿತ್ತು. ಅಕ್ಕ ಅದನ್ನು ಎರಡು ಸಲ ಹೇಳಿದಳು. ಓಡಿಸಿ ಓಡಿಸಿ ಊಟದ ಪಂಕ್ತಿಗೆ ಬಂದೆವು.

ಮೊದಲ ಪಂಕ್ತಿ. ಕ್ಯಾಮೆರಾ ಎಲೆಗಳ ಸಾಲಿನುದ್ದಕ್ಕೂ ಹೋಗುತ್ತಿದೆ. ಅಲ್ಲಿ, ಕಂಬದ ಪಕ್ಕ, ಸದಾನಂದ ಮಾವ. ಎಲೆಗೆ ನೀರು ಚಿಮುಕಿಸಿ ಆಗಿದೆ. ಉಪ್ಪು, ಉಪ್ಪಿನಕಾಯಿ ಬಿದ್ದಿದೆ.

'ಕಂಡಿತಲ್ಲ' ಎಂದಳು ಅಕ್ಕ.

ಆಗ ಚಿತ್ರದ ಅಂಚಿನಿಂದ ಒಂದು ಕೈ ಬಂತು. ಮಾವನ ಹೆಗಲ ಮೇಲೆ ಕೂತಿತು. ಮಾವ ತಲೆ ಎತ್ತಿ ನೋಡಿದರು, ನಕ್ಕರು, ಪಂಚೆ ಸರಿ ಮಾಡಿಕೊಂಡು ಎದ್ದರು. ಅವರ ಜಾಗದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಕುಳಿತರು. ಡಿಸ್ಕ್ ಅಲ್ಲಿಗೆ ಸಿಕ್ಕಿಹಾಕಿಕೊಂಡಿತು. ಪಂಕ್ತಿಯೆಲ್ಲ ಚೌಕ ಚೌಕವಾಗಿ ಒಡೆದು ನಿಂತಿತು.

'ರಿವೈಂಡ್ ಮಾಡು' ಎಂದರು ಅಮ್ಮ. ಮಾಡಿದೆ. ಮತ್ತೆ ಕೈ. ಮುಖ ಇಲ್ಲ, ಮೊಣಕೈವರೆಗಿನ ಕೈ ಮಾತ್ರ.

'ಯಾರ ಕೈ ಅದು?' ಎಂದಳು ಅಕ್ಕ.

ಎಡಗೈ. ಸ್ಟೀಲ್ ಪಟ್ಟಿಯ ವಾಚು. ವಾಚಿನ ಮುಖ ಕೈಯ ಒಳಬದಿಗೆ. ಹಾಗೆ ವಾಚು ಕಟ್ಟುವವರು ನಮ್ಮ ಕುಟುಂಬದಲ್ಲಿ ಒಬ್ಬರೇ.

ಗೊತ್ತಿಲ್ಲ ಎನ್ನಬಹುದಿತ್ತು. ಒಮ್ಮೆ ಬರೆದೂ ಆಗಿತ್ತಲ್ಲ, ಕಾರಣ ಗೊತ್ತಿಲ್ಲ ಎಂದು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಕೈಯನ್ನು ನೋಡುತ್ತಾ ಕುಳಿತರೂ ನನಗೆ ಆ ಕ್ಷಣ ನೆನಪಾಗಲಿಲ್ಲ, ಈಗಲೂ ಆಗುವುದಿಲ್ಲ ಎಂಬುದೇ ನನ್ನನ್ನು ಹೆದರಿಸಿತು. ನಾನು ನನ್ನ ಎಡಗೈ ಎತ್ತಿ ತೋರಿಸಿದೆ.

ಹೇಗಾಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನಮ್ಮಲ್ಲಿ ಹೆಣ್ಣಿನ ಕಡೆಯವರು ಮೊದಲ ಪಂಕ್ತಿಗೆ ಕೂರುವ ಕ್ರಮವಿಲ್ಲ. ಗಂಡಿನ ಕಡೆಯವರು ಉಂಡು ಬಸ್ಸು ಹತ್ತಬೇಕು, ನಮ್ಮವರು ಬಡಿಸಬೇಕು, ಕಾಯಬೇಕು. ಹಿರಿಯರೊಬ್ಬರು ಜಾಗವಿಲ್ಲದೆ ನಿಂತಿದ್ದಿರಬೇಕು. ಸಾಂಬಾರಿನ ಬಕೆಟ್ ಹಿಡಿದು ಓಡುತ್ತಿದ್ದ ನಾನು ಸಾಲಿನಲ್ಲಿ ನಮ್ಮವರೊಬ್ಬರನ್ನು ಹುಡುಕಿರಬೇಕು. ಬೇರೆಯವರನ್ನು ಎಬ್ಬಿಸಲು ಧೈರ್ಯ ಬೇಕು. ನಮ್ಮವರನ್ನು ಎಬ್ಬಿಸಲು ಒಂದು ಕೈ ಸಾಕು. ನಾವು ದಿನವೂ ಮಾಡುವುದು ಅದೇ ಅಲ್ಲವೇ? ನೆಂಟರು ಬಂದರೆ ಮನೆಯವರ ಹಾಸಿಗೆ, ತುರ್ತು ಬಂದರೆ ಹೆಂಡತಿಯ ಭಾನುವಾರ. ನಮ್ಮವರೇ ತಾನೆ, ಏನೂ ಅಂದುಕೊಳ್ಳುವುದಿಲ್ಲ.

ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. 'ಇದನ್ನು ಬರೆಯಲಿಲ್ಲವಾ ನಿನ್ನ ಡೈರಿಯಲ್ಲಿ?'

ಸಿಕ್ಕಿಹಾಕಿಕೊಂಡ ಜಾಗ ದಾಟಿಸಿ ಕೊನೆಯವರೆಗೆ ನೋಡಿದರೂ ಮಾವ ಉಂಡದ್ದು ಎಲ್ಲಿಯೂ ಕಾಣಲಿಲ್ಲ. ಷರತ್ತಿನ ಪ್ರಕಾರ ಅಮ್ಮ ಗೆದ್ದಿದ್ದರು. ಮಾರನೇ ದಿನ ಬೆಳಿಗ್ಗೆ ಅವರೇ ಮೊದಲು ಸೀರೆ ಉಟ್ಟು, ಕಾಗದವನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಕಾರಿನ ಬಳಿ ನಿಂತಿದ್ದರು.

ಮಾವನ ಅಂಗಡಿ ಅದೇ ಜಾಗದಲ್ಲಿದೆ. ಕೂದಲು ಪೂರಾ ಬೆಳ್ಳಗಾಗಿದೆ. ಮಿಷನ್ನಿಗೆ ಮೋಟಾರು ಬಂದಿದೆ. ಅಮ್ಮನನ್ನು ಕಂಡು ಎದ್ದು ನಿಂತರು, ಸ್ಟೂಲನ್ನು ಒರೆಸಿ ಮುಂದಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಬಿಸಿಲಿನ ಬಗ್ಗೆ ಮಾತಾಡಿದರು. ನಾನು ಕಾರಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯವನ್ನು ಹೇಳಲು ಬಾಯಿ ತೆರೆದೆ.

ಮಾವ ನನ್ನ ಕೈ ನೋಡಿದರು. 'ವಾಚು ಈಗಲೂ ಉಲ್ಟಾ ಕಟ್ಟುವುದಾ?'

ಬಾಯಿಪಾಠವೆಲ್ಲ ಮರೆತುಹೋಯಿತು.

ಅವರಿಗೆ ಎಲ್ಲ ನೆನಪಿತ್ತು. ಶುಗರಿನ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕಾರಣ ಅವರ ಹೆಂಡತಿ, ನಮ್ಮ ಅತ್ತೆಯೇ ಅವರನ್ನು ಮೊದಲ ಪಂಕ್ತಿಗೆ ಕೂರಿಸಿದ್ದರಂತೆ. ಹೊರಗೆ ಕುರ್ಚಿ ಹಾಕಿ ಎರಡು ಪಂಕ್ತಿ ಕಾದರಂತೆ. ಕೈ ನಡುಗಲು ಶುರುವಾದಾಗ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಎರಡು ಬನ್ಸ್ ತಿಂದು, ಹಾಗೆಯೇ ಬಸ್ಸು ಹತ್ತಿದರಂತೆ. ಮತ್ತೊಮ್ಮೆ ಒಳಗೆ ಬಂದು ಯಾಕೆ ಕೂರಲಿಲ್ಲ ಎಂದು ಅಮ್ಮ ಕೇಳಿದರು.

'ಇವ ಹೇಳಿದ್ದ, ಮಾವ, ಮುಂದಿನ ಪಂಕ್ತಿಗೆ ನಾನೇ ಬಂದು ಕರೀತೇನೆ ಅಂತ. ಕರೀಲಿಲ್ಲ. ಕರೆಯದೆ ಹೇಗೆ ಹೋಗಿ ಕೂರುವುದು ಅಕ್ಕಾ?'

ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ ಎಂದರು. ಹಾಗಾದರೆ ಯಾರಿಗೂ ಯಾಕೆ ಹೇಳಲಿಲ್ಲ? ಹೇಳಿದ್ದರೆ ಅಷ್ಟು ಜನರ ಎದುರು ನನಗೆ ಅಮ್ಮನಿಂದ ಬೈಗುಳ ಬೀಳುತ್ತಿತ್ತು, ಅದಕ್ಕಂತೆ. ಆಮೇಲೆ ಹೇಳಲು ಯಾರೂ ಕರೆಯಲೇ ಇಲ್ಲ.

ಅಮ್ಮ ಎರಡೂ ಕೈಯಲ್ಲಿ ಹಿಡಿದು ಕಾಗದ ಕೊಟ್ಟರು. ಮಾವ ಅದನ್ನು ಕಣ್ಣಿಗೊತ್ತಿಕೊಂಡು, ಓದದೆ ನನ್ನತ್ತ ತಿರುಗಿದರು. 'ಈಗ ಬಂದದ್ದು ಆವತ್ತಿನ ಪಂಕ್ತಿಗೆ ಕರೀಲಿಕ್ಕಾ?'

'ಹೌದು ಮಾವ.'

'ತಡ ಆಯ್ತು ಮಾರಾಯ' ಎಂದರು. 'ಬರ್ತೇನೆ.'

ಬುಧವಾರ ಒಕ್ಕಲು. ಬಡಿಸುವವರಿಗೆಲ್ಲ ಅಕ್ಕ ಈಗಾಗಲೇ ಹೇಳಿಟ್ಟಿದ್ದಾಳೆ, ಮಾವ ಕೂತ ಎಲೆಯ ಹತ್ತಿರ ನನ್ನನ್ನು ಬಿಡಬಾರದು ಎಂದು. ಡೈರಿಯ ಹಳೇ ಸಾಲನ್ನು ನಾನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಕಾರಣ ಬರೆದಿದ್ದೇನೆ.

ನಿನ್ನೆ ಪ್ಲೇಯರನ್ನು ವಾಪಸು ಕೊಡಲು ಹೋದೆ. ಹಮೀದಾಕ ಐನೂರು ಕೊಟ್ಟು, ಕಂಡಿತಾ ಎಂದು ಮಾತ್ರ ಕೇಳಿದರು. ಏನು ಎಂದು ಕೇಳಲಿಲ್ಲ. ಒಂದು ಬಟ್ಟೆಯಿಂದ ಒರೆಸಿ ಮತ್ತೆ ಅದೇ ಶೆಲ್ಫಿನಲ್ಲಿಟ್ಟರು.

ಅದು ಅಲ್ಲೇ ಉಂಟು, ಆರುನೂರು ರೂಪಾಯಿ. ನಿಮ್ಮ ಕಪಾಟಿನ ಡಿಸ್ಕಿನಲ್ಲಿರುವ ಕೈ ಯಾರದ್ದು?